ಇಂದೂಕಾಕುವಿನ ನಾಲ್ಕು ಹಲ್ಲಿನ ಚಕ್

ಇಂದೂಕಾಕು ಯಂತ್ರಗಳನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದ ನೋಡುತ್ತಿದ್ದರು. ಮಿಕ್ಸರ್ ಇರಲಿ, ಫ್ಯಾನ್ ಇರಲಿ, ಓಣಿಯಲ್ಲಿ ಗುರುಗುಡುತ್ತ ನಿಂತ ಯಾರದೋ ಮೋಟಾರ್ ಸೈಕಲ್ ಇರಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ, ಎಡಗಿವಿಯನ್ನು ಹತ್ತಿರ ಒಯ್ದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಮ್ಮೆ ಹೊರಡಲು ಸಿದ್ಧವಾಗಿದ್ದ ಟೆಂಪೋದ ಮುಂದೆ ನಿಂತು ಡ್ರೈವರನಿಗೆ, “ಅಣ್ಣಾರ, ಒಳಗ ಬೆಲ್ಟ್ ಚೀರಾಕತ್ತೈತ್ರಿ. ರಾಯಬಾಗ ಮುಟ್ಟೂದಿಲ್ಲ ಇದು” ಎಂದರು. ಅವನು ನಕ್ಕು ಗೇರ್ ಹಾಕಿದ. ಟೆಂಪೋ ಊರ ಹೊರಗಿನ ತಿರುವಿನಲ್ಲೇ ನಿಂತಿತು. ಸಂಜೆ ಅವನೇ ಕಾಕುವಿನ ಮನೆ ಹುಡುಕಿಕೊಂಡು ಬಂದು, ಗಾಡಿಯನ್ನು ಇನ್ನೊಮ್ಮೆ ಕೇಳಿ ನೋಡಿರೆಂದು ಕೈಮುಗಿದ.

ನಾನು ಹೈಸ್ಕೂಲು ಶಿಕ್ಷಕಿಯಾಗಿ ಚಿಕ್ಕೋಡಿಗೆ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಮನೆಯ ಮುಂದಿನ ಕೋಣೆ. ಕಾಕು ನಲವತ್ತು ವರ್ಷ ಊರಿನ ಅರ್ಧ ಹೆಂಗಸರಿಗೆ ಕುಪ್ಪಸ ಹೊಲಿದವರು. ಹೊಲಿಗೆ ಯಂತ್ರದ ಸಹವಾಸದಿಂದಲೇ ಅವರ ಕಿವಿ ಅಷ್ಟು ಚುರುಕಾಗಿತ್ತು. ಗಂಡ ದತ್ತೂಕಾಕಾ ಎರಡು ಎಮ್ಮೆ ಸಾಕಿಕೊಂಡಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಎಂಟು ಎಮ್ಮೆಗಳ ಜೊತೆ.

ಅರವತ್ತೊಂದು ತುಂಬಿದ ವರ್ಷ ಕಾಕು ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿ ನನ್ನ ಬಾಗಿಲಿಗೆ ಬಂದರು. ಅಲ್ಲಿ ಶಿಕ್ಷಕಿಯರನ್ನು ಕರೆಯುವಂತೆ ನನ್ನನ್ನೂ ಬಾಯಾರ ಎನ್ನುತ್ತಿದ್ದರು. “ಬಾಯಾರ, ನಾಳೆ ಐತವಾರ ಸೂಟಿ ಐತಲ್ರಿ? ನಿಪ್ಪಾಣಿಗಿ ನಡೀರಿ. ಕಟ್ಟಿಗಿ ಕಡಿಯೂ ಲೇತ್ ತೊಗೊಳ್ಳೂದೈತಿ.”

ನಾನು ಹೂ ಕಟ್ಟುತ್ತ ಕೂತಿದ್ದೆ. ದಾರ ಕೈಯಿಂದ ಜಾರಿತು. ಕಟ್ಟಿಗೆಯನ್ನು ಗರಗರ ತಿರುಗಿಸಿ ಉಳಿ ಹಿಡಿದು ದುಂಡಗೆ ಮಾಡುವ ಆ ಯಂತ್ರವನ್ನು ಕಾಕು ಫೋನಿನಲ್ಲಿ ನೋಡಿದ್ದರಂತೆ. ನೋಡಿದ್ದಕ್ಕಿಂತ ಹೆಚ್ಚು, ಕೇಳಿದ್ದರಂತೆ. “ಏನ್ ಛಂದ ಹಾಡತೈತ್ರಿ ಅದು!”

ನಿಪ್ಪಾಣಿಯ ಅಂಗಡಿಯವರು ನಮ್ಮನ್ನು ನೋಡಿ, ಗಂಡಸರು ಹಿಂದೆ ಬರುತ್ತಿರಬಹುದೆಂದು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. ಯಾರೂ ಬರಲಿಲ್ಲ. ಕೊನೆಗೆ ಹಸಿರು ಬಣ್ಣದ ಒಂದು ಯಂತ್ರದ ಬೆನ್ನು ತಟ್ಟಿ, “ಕಾಕು, ಈ ಒಂದರಾಗ ಎಲ್ಲಾ ಐತ್ರಿ. ಕೊಯ್ಯತೈತಿ, ಹೆರೀತೈತಿ, ತೂತ ಹಾಕತೈತಿ, ಕಡೀತೈತಿ” ಎಂದರು.

“ಮೋಟಾರ್ ಎಷ್ಟ ಅದಾವ್ರಿ?”

“ಒಂದ ರೀ.”

“ಹಂಗಂದ್ರ ಕೆಟ್ಟರ ಎಲ್ಲಾ ಕೂಡೇ ಕೆಡತೈತಿ.”

ಅಂಗಡಿಯವರು ಯಂತ್ರದ ಮೈಮೇಲಿನ ಧೂಳು ಒರೆಸತೊಡಗಿದರು. ಅಷ್ಟರಲ್ಲಿ ಕಾಕು ಪಕ್ಕದಲ್ಲಿದ್ದ ಹಗುರವಾದ ಲೇತನ್ನು ಚಾಲೂ ಮಾಡಿಸಿ, ಒಂದು ರೂಪಾಯಿ ನಾಣ್ಯವನ್ನು ಅದರ ಮೈಮೇಲೆ ಅಂಚಿನಲ್ಲಿ ನಿಲ್ಲಿಸಿದರು. ಅದು ಎರಡು ಸಲ ನಡುಗಿ ಬಿತ್ತು. “ರೂಪಾಯಿನ ನಿಲ್ಲವಲ್ದು, ನನ್ನ ಕೈ ಹೆಂಗ ನಿಲ್ಲಬೇಕ್ರಿ?” ಎಂದರು. ಇನ್ನೊಂದು ಲೇತಿಗೂ ಅದೇ ಗತಿಯಾಯಿತು. ಮೂರನೆಯದನ್ನು ಅಂಗಡಿಯವರು ತೋರಿಸಲೇ ಇಲ್ಲ. ಚಹಾ ತರಿಸಿ ಕುಡಿಸಿ, “ನಿಮಗ ಬೇಕಾದ್ದು ಬೋರಗಾಂವದಾಗ ಐತ್ರಿ” ಎಂದು ಅವರೇ ದಾರಿ ಹೇಳಿ ಕಳಿಸಿದರು.

ಬೋರಗಾಂವದಲ್ಲಿ ಪವರ್‌ಲೂಮಿಗೆ ನೂಲು ಸುತ್ತುವ ಕಟ್ಟಿಗೆ ಗೊಟ್ಟುಗಳನ್ನು ಕಡೆಯುತ್ತಿದ್ದ ಮುದುಕರೊಬ್ಬರಿದ್ದರು. ಪ್ಲಾಸ್ಟಿಕ್ಕಿನವು ಬಂದ ಮೇಲೆ ಅವರ ಲೇತು ಗೋಣಿಚೀಲ ಹೊದ್ದು ಮೂಲೆ ಸೇರಿತ್ತು. ಎರಕದ ಕಬ್ಬಿಣದ ಅದರ ಮೈ ಎಮ್ಮೆಯ ಹಾಗೆ ಕಪ್ಪಗೆ ಭಾರವಾಗಿತ್ತು. ಚಾಲೂ ಮಾಡಿದಾಗ ಕಾಕು ಕಿವಿ ಕೊಟ್ಟರು. ರೂಪಾಯಿ ನಿಲ್ಲಿಸಿದರು. ಅದು ನಿಂತಿತು. ನಾವು ಮೂವರೂ ಉಸಿರು ಹಿಡಿದು ನೋಡಿದೆವು. ಅದು ನಿಂತೇ ಇತ್ತು.

“ಯಾರು ನಡಸವ್ರು?” ಎಂದು ಮುದುಕರು ಕೇಳಿದರು.

“ನಾನ.”

“ಏನ್ ಮಾಡವ್ರು?”

“ಬುಗರಿ.”

ಮುದುಕರು ನನ್ನ ಮುಖ ನೋಡಿದರು. ನನಗೂ ಅದು ಆಗಲೇ ತಿಳಿದದ್ದು. “ಬುಗರಿ ಅಂಗಡ್ಯಾಗ ಸಿಗತಾವಲ್ಲ, ತಾಯಿ” ಎಂದರು.

“ಸಿಗತಾವ್ರಿ. ಸಣ್ಣಾಕಿದ್ದಾಗ ನಮ್ಮ ಅಣ್ಣಗೋಳು ಮೂರೂ ಮಂದಿ ಆಡಿದ್ರು. ಹೆಣ್ಣ ಹುಡುಗಿ ಬುಗರಿ ಆಡಬಾರದು ಅಂತ ಒಮ್ಮೆನೂ ಕೈಯಾಗ ಕೊಡಲಿಲ್ಲ. ದಾರ ಸುತ್ತಿ ಕೊಡೂದಷ್ಟ ನನ್ನ ಪಾಳಿ. ಇನ್ನ ಮ್ಯಾಲ ಯಾರ ಬುಗರೀನೂ ಬ್ಯಾಡ. ನಂದು ನಾನ ಮಾಡ್ಕೋತೀನಿ.”

ಮುದುಕರು ಒಳಗೆ ಹೋಗಿ ತಮ್ಮ ಉಳಿಗಳ ಗಂಟನ್ನೂ ತಂದು ಲೇತಿನ ಮೇಲಿಟ್ಟರು.

ಎಮ್ಮೆಗಳ ಕೊಟ್ಟಿಗೆಯ ಖಾಲಿ ಅರ್ಧದಲ್ಲಿ ಲೇತು ಕೂತಿತು. ಕಾಕು ಕಚ್ಚೆ ಹಾಕಿ ಸೀರೆ ಉಟ್ಟು, ಮೇಲೆ ಕಾಕಾನ ಹಳೆಯ ಅಂಗಿ ತೊಟ್ಟು, ಸೆರಗಾಗಲಿ ಕೂದಲಾಗಲಿ ಯಂತ್ರಕ್ಕೆ ಸಿಗದ ಹಾಗೆ ಬಿಗಿದುಕೊಂಡು ನಿಲ್ಲುತ್ತಿದ್ದರು. ಮೊದಲ ತಿಂಗಳು ಲಟ್ಟಣಿಗೆಗಳಷ್ಟೇ. ಎರಡೂ ತುದಿಯಲ್ಲಿ ಮೊನೆ ಚುಚ್ಚಿ ಹಿಡಿಯುವುದರಿಂದ ಅದು ಸುಲಭ. ಓಣಿಯಲ್ಲಿ ಲಟ್ಟಣಿಗೆ ಬೇಡವೆನ್ನುವವರನ್ನು ಹುಡುಕಿ ಹುಡುಕಿ ಕೊಟ್ಟರು. ನನಗೆ ನಾಲ್ಕು ಬಂದವು. ಬುಗುರಿಗೆ ಮಾತ್ರ ಒಂದು ತುದಿ ಖಾಲಿಯಾಗಿರಬೇಕು, ಅದಕ್ಕೆ ಮೊಳೆ ಹೊಡೆಯಬೇಕು. ಅಂದರೆ ಕಟ್ಟಿಗೆಯನ್ನು ಒಂದೇ ಕಡೆಯಿಂದ ಕಚ್ಚಿ ಹಿಡಿಯುವ ಚಕ್ ಬೇಕು.

ಮತ್ತೆ ನಿಪ್ಪಾಣಿ. ಅಂಗಡಿಯವರು ಮೂರು ಹಲ್ಲಿನ ಚಕ್ ತೋರಿಸಿದರು.

“ಇದು ಕಬ್ಬಿಣದ ಸಳಿಗೆ ಚಲೋ” ಎಂದು ಕಾಕು ತಳ್ಳಿದರು. “ನನ್ನ ಕಟ್ಟಿಗಿ ಚೌಕ ಐತ್ರಿ. ನಾಕ ಮಗ್ಗಲಿಗೆ ಮೂರ ಹಲ್ಲು ಹೆಂಗ ಸಾಲತಾವ?” ನಾಲ್ಕು ಹಲ್ಲಿನದು ಬಂತು. ಪ್ರತಿಯೊಂದು ಹಲ್ಲನ್ನೂ ಬೇರೆ ಬೇರೆ ತಿರುವಬೇಕಿತ್ತು. ಅದೂ ಬೇಡ. “ಒಂದ ಕೀಲಿ ತಿರಿವಿದ್ರ ನಾಕೂ ಕೂಡೇ ಬಂದು ಕಚ್ಚಬೇಕ್ರಿ.” ಅಂಥದೂ ಸಿಕ್ಕಿತು. ಕಾಕು ಕೀಲಿ ತಿರುವಿ ಹಲ್ಲುಗಳು ಹೂವಿನ ಹಾಗೆ ಅರಳಿ ಮುಚ್ಚುವುದನ್ನು ಐದಾರು ಸಲ ನೋಡಿ ಖುಷಿಪಟ್ಟರು. ಆಗ ಅಂಗಡಿಯವರು, “ನಿಮ್ಮ ಲೇತಿಂದು ಆಟೆ ಎಂಥಾದ್ರಿ?” ಎಂದು ಕೇಳಿದರು. ಚಕ್ಕನ್ನು ತಿರುಗಿಸಿ ಕೂಡಿಸುವ ದಂಡದ ಮೇಲಿನ ಸುರುಳಿ ಗೆರೆಗೆ ಆಟೆ ಎನ್ನುತ್ತಾರೆ. ಚಕ್ಕಿನ ಒಳಗಿನ ಗೆರೆ ಅದಕ್ಕೆ ಸರಿಯಾಗಿ ಹೊಂದಬೇಕು. ಹಳೆಯ ಲೇತು, ಯಾವ ಕಾಲದ ಆಟೆಯೋ.

ಕಾಕು ಕೈಯಾಡಿಸಿ, “ಅಷ್ಟ ಹೌದಲ್ರಿ, ಮುಂದಿನ ಐತವಾರ ಅದರ ಅಳತಿ ತರತೀನಿ” ಎಂದರು.

ತಂದದ್ದು ಜೋಳದ ಹಿಟ್ಟಿನ ಮುದ್ದೆ. ಬೆಳಗ್ಗೆ ರೊಟ್ಟಿಗೆ ನಾದಿದ ಹಿಟ್ಟಿನಲ್ಲಿ ಆಟೆಯ ಅಚ್ಚು ಒತ್ತಿ, ಡಬ್ಬಿಯಲ್ಲಿ ಹಾಕಿ ತಂದಿದ್ದರು. ಅಂಗಡಿಯವರು ಡಬ್ಬಿ ತೆರೆದು, “ನಂದು ಊಟ ಆಗೇತ್ರಿ, ಕಾಕು” ಎಂದರು. ಅಚ್ಚು ಬಸ್ಸಿನಲ್ಲೇ ಒಡೆದು ನಾಲ್ಕು ಹೋಳಾಗಿತ್ತು.

ಅದರ ಮುಂದಿನ ಐತವಾರ ಸಾಬೂನಿನ ಅಚ್ಚು. ಅದು ಅಷ್ಟು ಚೊಕ್ಕವಾಗಿ ಮೂಡಿತ್ತೆಂದರೆ ನಾನೂ ಹೆಮ್ಮೆಯಿಂದ ಕೈಯಲ್ಲಿ ಹಿಡಿದು ಕೂತಿದ್ದೆ. ಅಂಗಡಿಯವರು ಸಾಬೂನನ್ನೂ ಚಕ್ಕನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. “ಇದೂ ತೂತು, ಅದೂ ತೂತು. ತೂತಿನ್ಯಾಗ ತೂತ ಹೆಂಗ ಹಾಕೂದ್ರಿ?” ಎಂದರು. ಕಾಕು ಎಂಥ ನಗೆ ನಕ್ಕರೆಂದರೆ, ಬೀದಿಯ ಆಚೆಯ ಹೋಟೆಲಿನಿಂದ ಜನ ಎದ್ದು ನೋಡಿದರು.

ಮನೆಗೆ ಬಂದು ಹೇಳಿದಾಗ ಕಾಕಾ ಎಮ್ಮೆಯ ಮೈ ತಿಕ್ಕುತ್ತ, ತಿರುಗಿಯೂ ನೋಡದೆ, “ಲೇತಿನ ತಲೀನ ಬಿಚ್ಚಿ ಒಯ್ಯಬೇಕಿತ್ತು. ಎರಡ ಬೋಲ್ಟ್ ಅದಾವ” ಎಂದರು.

“ಮೊದ್ಲ ಯಾಕ ಹೇಳಲಿಲ್ಲ?” ಎಂದು ಕಾಕು ಸೊಂಟದ ಮೇಲೆ ಕೈ ಇಟ್ಟರು.

“ಕೇಳಿದ್ರ ಹೇಳತಿದ್ದೆ.”

ಮೂರನೆಯ ಐತವಾರ ಆಟೆಯ ದಂಡವಿರುವ ಲೇತಿನ ತಲೆಯನ್ನು ಗೋಣಿಚೀಲದಲ್ಲಿ ಸುತ್ತಿ, ಕಾಕಾನ ತೊಡೆಯ ಮೇಲೆ ಕೂರಿಸಿಕೊಂಡು ಮೂವರೂ ಬಸ್ಸಿನಲ್ಲಿ ಹೊರಟೆವು. ಕಂಡಕ್ಟರ್ ಇದಕ್ಕೂ ಟಿಕೆಟ್ ಆಗುತ್ತದೆ ಎಂದ. “ತೊಡಿ ಮ್ಯಾಲ ಕುಂತ ಕೂಸಿಗೆ ಎಲ್ಲೀ ಟಿಕೆಟ್, ತಮ್ಮಾ?” ಎಂದು ಕಾಕು ಚೀಲದ ಬಾಯಿ ಸರಿಸಿ ತೋರಿಸಿದರು. ಕಂಡಕ್ಟರ್ ಕಬ್ಬಿಣದ ಕೂಸನ್ನು ನೋಡಿ ಮುಂದಿನ ಸೀಟಿಗೆ ಹೋಗಿಬಿಟ್ಟ. ಅಂಗಡಿಯಲ್ಲಿ ಮೂರು ಚಕ್ಕುಗಳು ಅರ್ಧಕ್ಕೇ ಸಿಕ್ಕಿಕೊಂಡವು. ನಾಲ್ಕನೆಯದು ಎಣ್ಣೆಯಲ್ಲಿ ಜಾರಿದಂತೆ ಒಳಗೆ ಹೋಗಿ ಟಕ್ಕೆಂದು ಕೂತಿತು. ಕಾಕು ಕಣ್ಣು ಮುಚ್ಚಿ ಆ ಟಕ್ಕನ್ನು ಕೇಳಿದರು. ಅಂಗಡಿಯವರು ಚಪ್ಪಾಳೆ ತಟ್ಟಿದರು.

ಇಷ್ಟು ನಕ್ಕ ಮೇಲೆ ನನ್ನಿಂದ ಆದ ತಪ್ಪನ್ನು ಹೇಳಲೇಬೇಕು. ಚಕ್ ಕೂಡಿಸಿದ ಮರುದಿನ ಜಾಲಿಯ ತುಂಡನ್ನು ಅದರ ಬಾಯಿಗಿಟ್ಟು ಕೀಲಿ ತಿರುವಿ ಬಿಗಿಮಾಡಿದವಳು ನಾನು. ಕೀಲಿಯನ್ನು ತೆಗೆಯಲು ಮರೆತೆ. ಕಾಕು ಉಳಿ ಆರಿಸುತ್ತ, “ಹಾಂ, ಚಾಲೂ ಮಾಡ್ರಿ” ಎಂದರು. ನಾನು ಸ್ವಿಚ್ ಒತ್ತಿದೆ. ಕೀಲಿ ಗುಂಡಿನ ಹಾಗೆ ಹಾರಿ, ಆಚೆಗೆ ಹಾಲು ಹಿಂಡಲು ಬಗ್ಗುತ್ತಿದ್ದ ಕಾಕಾನ ಕೈಯ ತಂಬಿಗೆಗೆ ಬಡಿಯಿತು. ತಂಬಿಗೆ ಗಂಟೆಯ ಹಾಗೆ ಬಾರಿಸಿ ಗೋಡೆಯವರೆಗೆ ಉರುಳಿತು. ಒಂದು ಗೇಣು ಮೇಲೆ ಬಂದಿದ್ದರೆ ಅವರ ಹಣೆ ಇತ್ತು.

ಕಾಕು ಪ್ಲಗ್ ಕಿತ್ತು, ಓಡಿಹೋಗಿ ಕಾಕಾನ ಹಣೆ ಮುಟ್ಟಿ ನೋಡಿದರು. ನನಗೆ ಒಂದು ಮಾತೂ ಬಯ್ಯಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. “ಮಾರಿಬಿಡೂಣು ಇದನ್ನ. ನನ್ನ ಬುಗರಿ ಹುಚ್ಚಿಗೆ ಇವರ ಜೀವಾ ಹೋಗತಿತ್ತು” ಎಂದರು. ಲೇತಿನ ಮೇಲೆ ತಾಡಪತ್ರಿ ಬಿತ್ತು. ಎಂಟು ದಿನ ಆ ಮನೆಯಲ್ಲಿ ಯಾವ ಯಂತ್ರದ ಸದ್ದೂ ಕೇಳಲಿಲ್ಲ. ಕಾಕು ಮಿಕ್ಸರನ್ನೂ ಮುಟ್ಟದೆ ಕಲ್ಲಿನಲ್ಲಿ ಚಟ್ನಿ ಅರೆದರು. ನಾನು ಶಾಲೆಯಿಂದ ಬಂದು ತಲೆ ತಗ್ಗಿಸಿ ಕೋಣೆ ಸೇರುತ್ತಿದ್ದೆ.

ಒಂಬತ್ತನೆಯ ದಿನ ಕಾಕಾ ಖಾಲಿ ತಂಬಿಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು. “ಎಮ್ಮಿ ಹಾಲ ಇಳಸವಲ್ದು. ಆ ಸಪ್ಪಳಕ್ಕ ಹೊಂದಿಕೊಂಡಾವ. ಚಾಲೂ ಮಾಡು.”

ಕಾಕು ಅವರ ಮುಖವನ್ನೇ ನೋಡಿದರು. ಆ ಎಂಟೂ ದಿನ ನನಗೆ ಹಾಲು ಎಂದಿನಷ್ಟೇ ಬಂದಿತ್ತು. ನಾನು ಬಾಯಿ ಬಿಡಲಿಲ್ಲ. ಕಾಕು ಎದ್ದು, ಹೊಲಿಗೆ ಡಬ್ಬಿಯಿಂದ ಗಟ್ಟಿ ದಾರ ತೆಗೆದು, ಚಕ್ಕಿನ ಕೀಲಿಯನ್ನು ಪ್ಲಗ್ಗಿಗೆ ಗಿಡ್ಡವಾಗಿ ಕಟ್ಟಿದರು. ಕೀಲಿ ಚಕ್ಕಿನಲ್ಲಿ ಇರುವಷ್ಟು ಹೊತ್ತು ಪ್ಲಗ್ ಗೋಡೆಗೆ ಮುಟ್ಟುತ್ತಲೇ ಇರಲಿಲ್ಲ. “ಇನ್ನ ನೀವು ಮರೆತ್ರೂ ದಾರ ಮರೆಯೂದಿಲ್ರಿ, ಬಾಯಾರ” ಎಂದು ನನ್ನ ಬೆನ್ನಿಗೊಂದು ಗುದ್ದಿದರು. ನನಗೆ ಅಳುವೂ ನಗುವೂ ಕೂಡಿ ಬಂತು.

ಅಂದು ಮಧ್ಯಾಹ್ನ ಮೊದಲ ಬುಗುರಿ ಹುಟ್ಟಿತು. ಕಾಕು ದಾರ ಸುತ್ತಿ ಅಂಗಳದಲ್ಲಿ ಬೀಸಿದರು. ಅದು ನೆಲಕ್ಕೆ ಬೀಳದೆ ಪಕ್ಕದ ಮನೆಯ ಮಾಳಿಗೆಯಲ್ಲಿ ಒಣಗಿಸಿದ್ದ ಹಪ್ಪಳಗಳ ನಡುವೆ ಇಳಿದು ಅಲ್ಲೇ ತಿರುಗಿತು. ಹಪ್ಪಳದ ಒಡತಿ ಸುಶೀಲಾ ವೈನಿ ಜಗಳಕ್ಕೆ ಬಂದವರು, ಬುಗುರಿಯನ್ನು ಕೈಯಲ್ಲಿ ತಿರುವಿ ತಿರುವಿ ನೋಡಿ, “ನನಗೊಂದ ಮಾಡಿ ಕೊಡ್ರಿ, ಕಾಕು” ಎಂದರು. ತಿಂಗಳೊಳಗೆ ಓಣಿಯ ಅರವತ್ತು ದಾಟಿದ ಹೆಂಗಸರೆಲ್ಲ ಸಂಜೆ ಐದಕ್ಕೆ ಕಚ್ಚೆ ಹಾಕಿ ಅಂಗಳಕ್ಕೆ ಬರುತ್ತಿದ್ದರು. ಮೊಣಕಾಲು ನೋವೆಂದು ದೇವಸ್ಥಾನದ ಮೆಟ್ಟಿಲನ್ನೂ ಹತ್ತದವರು ಬುಗುರಿ ಬೀಸಲು ಒಂದೇ ಕಾಲಿನ ಮೇಲೆ ನಿಲ್ಲುತ್ತಿದ್ದರು. ಯಾರದು ಹೆಚ್ಚು ಹೊತ್ತು ತಿರುಗಿತೆಂದು ಕೂಗಾಟ, ಮುನಿಸು, ಮರುದಿನ ಮತ್ತೆ ಹಾಜರಿ. ಕಾಕು ತಮ್ಮ ಬುಗುರಿಯನ್ನು ಅಂಗೈ ಮೇಲೆ ಎತ್ತಿಕೊಂಡು ಕಿವಿಗೆ ಹಿಡಿಯುತ್ತಿದ್ದರು. ಆಗ ಅವರಿಗೆ ಆರು ವರ್ಷ.

ಕಾಕು ತೀರಿಕೊಂಡ ಸುದ್ದಿಯನ್ನು ಕಳೆದ ವರ್ಷ ಕಾಕಾ ಫೋನಿನಲ್ಲಿ ಮೂರೇ ಶಬ್ದದಲ್ಲಿ ಹೇಳಿದರು. ಹಾಗಾಗಿ ನಮ್ಮ ಕೊನೆಯ ಭೇಟಿಯೆಂದರೆ ನನಗೆ ವಿಜಯಪುರದ ಕಡೆ ವರ್ಗವಾಗಿ ಹೊರಟ ಬೆಳಗು. ಪೆಟ್ಟಿಗೆ ಹಿಡಿದು ಹೊರಗೆ ಬಂದೆ. ಕೊಟ್ಟಿಗೆಯ ಕಡೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಓಣಿಯಲ್ಲಿ ಟೆಂಪೋ ನಿಂತಿತ್ತು, ಅದರಲ್ಲಿ ಹೊಸ ಪಟ್ಟಿ ಗರಗಸದ ಯಂತ್ರ. ಅದು ಕೊಟ್ಟಿಗೆಯ ಬಾಗಿಲಿಗಿಂತ ನಾಲ್ಕು ಬೆರಳು ಅಗಲವಾಗಿತ್ತು. ಕಾಕು ಒಳಗಿನಿಂದ ಗೋಡೆ ಒಡೆಯುತ್ತಿದ್ದರು.

“ಅಳತಿ ತೊಗೊಂಡಿರಲಿಲ್ಲೇನ್ರಿ, ಕಾಕು?” ಎಂದು ಹೊರಗಿನಿಂದ ಕೂಗಿದೆ.

“ಮಶೀನಿಂದು ತೊಗೊಂಡಿದ್ದೆ. ಬಾಗಲದ್ದು ಯಾರ ತೊಗೋತಾರ್ರಿ, ನಲವತ್ತ ವರ್ಷದಿಂದ ನೋಡಾಕತ್ತೀನಿ! ಹಿಡೀರಿ ಇದನ್ನ.”

ಗೋಡೆಯ ತೂತಿನಿಂದ ಒಂದು ಇಟ್ಟಿಗೆ ಹೊರಬಂತು. ಹಿಡಿದೆ. ಇನ್ನೊಂದು ಬಂತು. ಬಸ್ಸಿಗೆ ಅರ್ಧ ಗಂಟೆಯಷ್ಟೇ ಇತ್ತು. ಪ್ರಯಾಣಕ್ಕೆಂದು ಉಟ್ಟ ಒಳ್ಳೆಯ ಸೀರೆಯಲ್ಲೇ ಇಪ್ಪತ್ತು ಇಟ್ಟಿಗೆ ಪೇರಿಸಿದೆ. ಕೊನೆಗೆ, “ಕಾಕು, ನಾ ಹೊಂಡತೀನ್ರಿ” ಎಂದೆ.

ಸುತ್ತಿಗೆ ನಿಂತಿತು. ತೂತಿನಿಂದ ಕೆಂಪು ಧೂಳು ಮೆತ್ತಿದ ಕೈಯೊಂದು ಬಂದು ನನ್ನ ಕೆನ್ನೆ ಹಿಡಿಯಿತು. ಅಷ್ಟು ವರ್ಷ ಬಾಯಾರ ಎಂದೇ ಕರೆದವರು, “ಹೋಗಿ ಬಾ, ತಂಗಿ” ಎಂದರು. “ಮತ್ತ ಬರೂವಾಗ ಬಾಗಲದಿಂದ ಬರಬ್ಯಾಡ. ಇಲ್ಲಿಂದನ ಬಾ. ದೊಡ್ಡದ ಮಾಡಿ ಇಟ್ಟಿರತೀನಿ.”

ಕೈ ಒಳಗೆ ಹೋಯಿತು. ಸುತ್ತಿಗೆ ಮತ್ತೆ ಶುರುವಾಯಿತು.

ಬಸ್ಸು ಅಥಣಿಯ ರಸ್ತೆ ಹಿಡಿದ ಮೇಲೆ ಟಿಕೆಟ್ ಕೊಡಲು ಬಂದ ಕಂಡಕ್ಟರ್ ನನ್ನನ್ನು ನೋಡಿ, “ಬಾಯಾರ, ಮುಖಕ್ಕ ಏನೋ ಹತ್ತೈತ್ರಿ” ಎಂದ.

“ಗೊತ್ತೈತ್ರಿ” ಎಂದೆ.