ಮಾದಪ್ಪನವರ ಎಣಿಕೆ

ನಮ್ಮ ಮನೆಯಲ್ಲಿ ಕುಕ್ಕರಿನ ಕೂಗು ಎಣಿಸುವ ಜವಾಬ್ದಾರಿ ನನ್ನದು. ವಿಶ್ವವಿದ್ಯಾಲಯದ ಎರಡು ಪದವಿಗಳನ್ನು ಮನ್ನಿಸಿ ನನಗೆ ದಯಪಾಲಿಸಿರುವ ಏಕೈಕ ಗೃಹಕೃತ್ಯವಿದು; ಆದರೂ ಕೂಗಿದ್ದು ಮೂರನೆಯದೋ ನಾಲ್ಕನೆಯದೋ ಎಂಬ ಧರ್ಮಸಂಕಟದಲ್ಲಿ ಬೇಳೆಯನ್ನು ನೀರಾಗಿಸಿದ ದಿನಗಳೇ ಹೆಚ್ಚು. ನಡುವೆ ಯಾರಾದರೂ ಮಾತನಾಡಿಸಿದರಂತೂ ಎಣಿಕೆಯೂ ಹೋಯಿತು, ಮರ್ಯಾದೆಯೂ ಹೋಯಿತು. ಆಗೆಲ್ಲ ನನಗೆ ನೆನಪಾಗುವವರು ಮಳವಳ್ಳಿಯ ಮಾದಪ್ಪನವರು.

ಅವರು ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದರು. ಮಂಡ್ಯದಲ್ಲಿ ಕೆಲಸ ಕಲಿತು, ಮಳವಳ್ಳಿಯಲ್ಲಿ ಅಂಗಡಿ ಇಟ್ಟು, ಅದರ ಹಿಂದೆಯೇ ಮನೆ ಕಟ್ಟಿ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ, ಬೆರಳು ನಡುಗತೊಡಗಿದ ಮೇಲೆ ಕೆಲಸ ಬಿಟ್ಟು, ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ ಎಂಬತ್ತು ದಾಟಿದರು. ತಂತಿಯ ಒಂದು ಸುತ್ತು ತಪ್ಪಿದರೂ ಮೋಟಾರು ಮತ್ತೆ ಸುಡುತ್ತದೆಂಬುದು ಅವರ ನಂಬಿಕೆ. ಹಾಗಾಗಿ ಸುತ್ತುವ ಯಂತ್ರದ ಹಿಡಿ ತಿರುಗಿಸುವಾಗ ಯಾರು ಏನೇ ಕೇಳಲಿ, ಆ ಕ್ಷಣದ ಸಂಖ್ಯೆಯನ್ನೇ ಉತ್ತರವಾಗಿ ಕೊಡುತ್ತಿದ್ದರು.

"ಊಟುಕ್ ಬತ್ತೀರೋ ಇಲ್ವೋ?" ಎಂದು ಹೆಂಡತಿ ಜಯಮ್ಮ ಒಳಗಿನಿಂದ ಕೂಗುವರು.

"ನಲವತ್ತೇಳು."

"ನಲವತ್ತೇಳು ಮುದ್ದೆನೂ ಇಕ್ತೀನಿ, ಎದ್ ಬನ್ನಿ!"

ಮಾದಪ್ಪನವರು ಮೊನ್ನೆ ತೀರಿಕೊಂಡರು. ತಿಥಿಯ ದಿನ ಹಂಚುವ ಹಾಳೆಗೆ ನಾಲ್ಕು ಸಾಲು ಬರೆದುಕೊಡಿ ಎಂದು ಹಿರಿಯ ಮಗಳು ಪದ್ಮ ಕೇಳಿದಳು. ನನ್ನ ಬಳಿ ಒಂದು ಸಿದ್ಧ ಕಥೆಯಿತ್ತು. ಪದ್ಮ ಹುಟ್ಟಿದ ಬೆಳಿಗ್ಗೆ, ಜಯಮ್ಮ ನೋವೆಂದು ಕೂಗಿಕೊಂಡಾಗಲೂ ಅವರು "ಅರವತ್ತೆರಡು" ಎಂದರು. ನಾನು ಅಂಗಡಿಯಲ್ಲೇ ನಿಂತು ನೋಡಿದ್ದು. ಎಷ್ಟೋ ಕಡೆ ಹೇಳಿ ನಗಿಸಿದ್ದು. ಅದನ್ನೇ ತಾಯಿ-ಮಗಳಿಬ್ಬರ ಮುಂದೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

"ಹಂಗಾದ್ರೆ ನಾನ್ ಹುಟ್ದಾಗ ಅಪ್ಪ ಬರ್ಲೇ ಇಲ್ವೇನವ್ವ?" ಎಂದಳು ಪದ್ಮ.

"ಅರವತ್ತೆರಡು ಅಂದಿದ್ದು ದಿಟ," ಎಂದರು ಜಯಮ್ಮ. "ಆಮ್ಯಾಕೆ ಕೈ ಬುಟ್ಟು ಓಡ್ ಬಂದ್ರು. ಸುತ್ತಿದ್ ತಂತಿಯೆಲ್ಲ ಬಿಚ್ಕೊಂಡ್ ಬಿತ್ತು. ಅದ್ಯಾಕಪ್ಪ ಹೇಳಕಿಲ್ಲ ನೀನು? ನನ್ ಮೊಮ್ಮಕ್ಳು ಓದ್ತವೆ ಕಣಪ್ಪ ಅದ್ನ."

ನಾನು ವಾದಿಸಲಿಲ್ಲ, ನಿಜ ಹೇಳಬೇಕೆಂದರೆ, ನಂಬಲೂ ಇಲ್ಲ. ಸತ್ತವರನ್ನು ತಿದ್ದಿ ಒಪ್ಪ ಮಾಡುವುದು ಉಳಿದವರ ಸ್ವಭಾವವೆಂದು ವಿದ್ಯಾವಂತನ ಠೀವಿಯಲ್ಲಿ ಅಂದುಕೊಂಡು ಮನೆಗೆ ಬಂದೆ. ಹಳೆಯ ದಿನಚರಿಗಳನ್ನು ಕೆದಕಿ ಪದ್ಮ ಹುಟ್ಟಿದ ದಿನದ ಪುಟ ಹುಡುಕಿದೆ. ನನ್ನದೇ ಅಕ್ಷರ: "ಮಾದಪ್ಪನವರಿಗೆ ರಿಪೇರಿಗೆ ಕೊಟ್ಟ ನಮ್ಮ ಮೋಟಾರು ಇವತ್ತೂ ಬರಲಿಲ್ಲ. ಹೆಂಡತಿ ಕೂಗಿದಾಗ ಮಾದಪ್ಪ ಅರವತ್ತೆರಡು ಅಂದರಂತೆ. ಆಮೇಲೆ ಅಂಗಡಿ ಮುಚ್ಚಿಕೊಂಡು ಹೋದರಂತೆ. ಅಪ್ಪನಿಗೆ ವಿಪರೀತ ಕೋಪ."

ಅಂದರಂತೆ, ಹೋದರಂತೆ! ಅಂದರೆ ನಾನು ಅಲ್ಲಿರಲೇ ಇಲ್ಲ. ಯಾರೋ ಹೇಳಿದ್ದನ್ನು ಕಣ್ಣಾರೆ ಕಂಡದ್ದಾಗಿಸಿಕೊಂಡು, ಕೇಳುವವರಿಗೆ ನಗು ಬಂದ ಜಾಗದಲ್ಲೇ ಕಥೆಯನ್ನು ಕತ್ತರಿಸಿ, ಒಬ್ಬ ಮನುಷ್ಯನನ್ನು ಅಷ್ಟು ವರ್ಷ ಅರವತ್ತೆರಡರಲ್ಲೇ ಕೂರಿಸಿಬಿಟ್ಟಿದ್ದೆ.

ಮರುದಿನ ದಿನಚರಿಯನ್ನು ಒಯ್ದು ಜಯಮ್ಮನಿಗೆ ಓದಿ ಹೇಳಿದೆ. ಅವರು, "ಮೋಟ್ರು ಬರ್ನಿಲ್ಲ ಅಂತ ನಿಮ್ಮಪ್ಪ ರೇಗಿದ್ಕೇ ನೀ ಇದ್ನ ಬರ್ದಿಟ್ಟಿದ್ದು. ನಿಮ್ಮಪ್ಪನ್ ಕ್ವಾಪ ಒಂದ್ಸಲನಾದ್ರೂ ಉಪ್ಯೋಗಕ್ಕೆ ಬಂತು ಬುಡು" ಎಂದರು. ಪದ್ಮ ನಕ್ಕಳು. ಆಮೇಲೆ ನಾನು ಹೊಸದಾಗಿ ಬರೆದಿದ್ದ ಸಾಲು ಓದಿದೆ: "ಜೀವಮಾನದಲ್ಲಿ ಒಂದೇ ಒಂದು ಸಲ, ಮಗಳು ಹುಟ್ಟುವ ಹೊತ್ತಿಗೆ, ಅವರು ಎಣಿಕೆ ಬಿಟ್ಟು ಓಡಿಬಂದರಂತೆ."

"ಅಂತೆ ಯಾಕಪ್ಪ?" ಎಂದರು ಜಯಮ್ಮ. "ನಾ ನೋಡಿವ್ನಿ. ಬಂದ್ರು ಅಂತ ಬರಿ."

ಬಂದರು ಎಂದು ತಿದ್ದಿದೆ.