ಅಕ್ಕ ಊದಿದ ಮೊದಲ ಉಸಿರು

ದೊಡ್ಡಬಳ್ಳಾಪುರದಲ್ಲಿ ಕಳೆದ ವಾರ ಹಳೆಯ ಮಗ್ಗದ ಶೆಡ್ಡೊಂದನ್ನು ಕೆಡವುತ್ತಿದ್ದರು. ಎಣ್ಣೆ ಕುಡಿದ ಮರ, ನೂಲಿನ ಗಂಜಿ, ಧೂಳು... ಆ ವಾಸನೆಗೆ ಎದುರು ಮನೆಯ ಅಕ್ಕ ನೆನಪಾದರು.

ಗಂಡ ಹೆಂಡತಿ ಇಬ್ಬರೂ ವಿದ್ಯುತ್ ಮಗ್ಗದ ಕೂಲಿಗಳು. ಮೂಗಿಗೆ ಸೆರಗೇ ಅಡ್ಡ. ನಡುವಯಸ್ಸಿಗೆಲ್ಲ ಅಕ್ಕನಿಗೆ ಏದುಸಿರು ಹತ್ತಿತ್ತು. ಆಗ ಬೆಂಗಳೂರಿನ ಆಸ್ಪತ್ರೆಯೊಂದು ಉಬ್ಬಸದ ಹೊಸ ಔಷಧಿಯ ಪ್ರಯೋಗಕ್ಕೆ ಜನರನ್ನು ಸೇರಿಸಿಕೊಳ್ಳುತ್ತಿತ್ತು. ಕೆಲವರಿಗೆ ಹೊಸದು, ಕೆಲವರಿಗೆ ಹಳೆಯದು. ಯಾರಿಗೆ ಯಾವುದೆಂದು ಮುಗಿಯುವವರೆಗೆ ಹೇಳುವುದಿಲ್ಲ. ಅಕ್ಕ ಸೇರಿದರು.

ಮೊದಲ ದಿನ ಕೊಳವೆಗೆ ಊದಿಸಿ ಉಸಿರಿನ ಬಲ ಅಳೆದರು.

"ಹೆಂಗ್ ಊದ್ದೆ ಅಂತೀಯ! ಊದಿಸೋ ಹುಡ್ಗಿ ಶಭಾಷ್ ಅಂದ್ಬಿಟ್ಲು ಕಣಪ್ಪಾ," ಎಂದು ಸಂಜೆ ಜಗಲಿಯಲ್ಲಿ ನಕ್ಕರು.

ಕೆಲವು ತಿಂಗಳಲ್ಲಿ ಅವರು ತುಂಬಿದ ಬಿಂದಿಗೆ ಹೊತ್ತು ಎಲ್ಲೂ ನಿಲ್ಲದೆ ಬರತೊಡಗಿದರು. ಬೀದಿಯವರೆಲ್ಲ ನೋಡಿದ್ದೇವೆ. ಆದರೆ ಆಸ್ಪತ್ರೆಯ ಯಂತ್ರದಲ್ಲಿ ಅವರ ಉಸಿರು ಮೊದಲ ದಿನಕ್ಕಿಂತ ಬಹಳ ಕೆಳಗಿತ್ತು. ಅಷ್ಟು ಇಳಿದವರಿಗೆ ಔಷಧಿ ಮುಂದುವರಿಸಬಾರದೆಂಬುದು ನಿಯಮ. ನಿಲ್ಲಿಸಿದರು.

ಅಂದು ಅಕ್ಕ ಬಾಯಿಬಿಟ್ಟರು. ಮೊದಲ ಪರೀಕ್ಷೆಗೆ ಮುಂಚೆ ಒಂದು ವಾರ ಶೆಡ್ಡಿನ ಕಡೆ ಹೋಗಿರಲಿಲ್ಲ. ಆಸ್ಪತ್ರೆಯವರು ಬೇಡವೆಂದಿದ್ದರೂ, ಬಾಯಿಗಿಟ್ಟು ಎಳೆಯುವ ಉಬ್ಬಸದ ಹಳೆಯ ಪಫ್ ಎಳೆದುಕೊಂಡು ಹೋಗಿದ್ದರು. ನಮ್ಮಲ್ಲಿ ಕೂಲಿ ಕೇಳಲು ಹೋದವರು ಮೇಸ್ತ್ರಿಯ ಮುಂದೆ ಕೆಮ್ಮುವುದಿಲ್ಲ. ಕೆಮ್ಮಿದರೆ ಮಗ್ಗ ಸಿಗುವುದಿಲ್ಲ. ಆಸ್ಪತ್ರೆಯನ್ನೂ ಅವರು ಹಾಗೆಯೇ ತಿಳಿದಿದ್ದರು.

"ಇನ್ನೊಂದ್ಸಲ ಮೊದಲ್ನಿಂದ ಊದಿಸ್ಕೊಳ್ಳಿ ಅಂತ ಕೇಳಪ್ಪಾ. ನೀನು ಪೇಪರ್‌ನೋನು, ನಿನ್ ಮಾತು ಕೇಳ್ತಾರೆ."

ಜೊತೆಯಲ್ಲಿ ಹೋದೆ. ಪ್ರಯೋಗದ ಅಂಕಿಅಂಶ ನೋಡುವವರು ಸಮಾಧಾನದಿಂದಲೇ ವಿವರಿಸಿದರು. ಎಲ್ಲರೂ ಒಂದೇ ಸ್ಥಿತಿಯಲ್ಲಿ ಬಂದು ಸೇರುವುದಿಲ್ಲ. ಅದಕ್ಕೇ ಪ್ರತಿಯೊಬ್ಬರ ವಯಸ್ಸು, ಆರಂಭದ ಉಸಿರು ಗಮನಿಸಿ, ಅಂಥವರ ಜೊತೆಗೇ ಹೋಲಿಸಿ ಔಷಧಿಯ ಗುಣ ತೂಗುತ್ತಾರೆ. ಔಷಧಿ ಶುರುವಾದ ಮೇಲೆ ಆರಂಭವನ್ನು ಮತ್ತೆ ಅಳೆಯಲಾಗದು.

"ಇವ್ರನ್ನ ಚೆನ್ನಾಗಿ ಉಸಿರಾಡ್ತಿದ್ದೋರ ಜೊತೆ ಇಟ್ಟು ನೋಡ್ಬೇಕು ಸಾರ್. ಹಂಗೆ ನೋಡಿದ್ರೆ ಕೆಟ್ಟಿದಾರೆ ಅಂತ್ಲೇ ಬರುತ್ತೆ."

ಅಕ್ಕ ಅವರ ಮುಖವನ್ನೇ ನೋಡುತ್ತಿದ್ದರು. "ಕೆಟ್ಟಿಲ್ಲ ಸ್ವಾಮಿ. ನೀರು ಹೊರ್ತೀನಿ," ಎಂದರು. ಅದನ್ನು ಲೆಕ್ಕಕ್ಕೆ ಸೇರಿಸುವ ದಾರಿ ಆ ಪ್ರಯೋಗದಲ್ಲಿರಲಿಲ್ಲ.

ಮತ್ತೆ ಹಳೆಯ ಪಫ್, ಮತ್ತೆ ಮಗ್ಗ. ಆ ಚಳಿಗಾಲ ಕಳೆಯುವ ಮೊದಲೇ ಅಕ್ಕ ಹೋಗಿಬಿಟ್ಟರು...

ಮೊನ್ನೆ ಅವರ ಗಂಡನನ್ನು ಕಂಡು ಬಂದೆ. ಅವರಿಗೂ ಈಗ ಅದೇ ಏದುಸಿರು. ಮಾತಿನ ನಡುವೆ ಜೇಬಿನಿಂದ ಪಫ್ ತೆಗೆದು ಎಳೆದುಕೊಂಡರು. ಅದು ಪ್ರಯೋಗದ ಆ ಹೊಸ ಔಷಧಿಯೇ, ಈಗ ಅಂಗಡಿಯಲ್ಲೇ ಸಿಗುತ್ತದೆ.

"ಅವ್ಳಿಗೂ ಇದ್ನೇ ಕೊಟ್ಟಿದ್ರಂತೆ. ಎಲ್ಲಾ ಮುಗಿದ್ಮೇಲೆ ಆಸ್ಪತ್ರೆಯೋರು ಫೋನ್ ಮಾಡಿ ಹೇಳಿದ್ರು."

ಇನ್ನೊಂದು ಸಲ ಪಫ್ ಎಳೆದು ಉಸಿರು ಹಿಡಿದರು. ನಿಧಾನವಾಗಿ ಬಿಟ್ಟರು.

"ನಂಗೆ ಚೆನ್ನಾಗೇ ಹಿಡ್ದದೆ ಕಣಪ್ಪಾ."