ಟೇಬಲ್ ಮೇಲಿನ ಕತ್ರನ್ ಹೂಗಳು

ಟೇಲರ್ ಅಕ್ಕನ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಪಿನ್ನುಗಳಿರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಬಾಯಿಯ ಒಂದು ಮೂಲೆಯಿಂದ ಮಾತಾಡುತ್ತಿದ್ದಳು, ನಗುತ್ತಿದ್ದಳು, ಬೀದಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದಳು. ಒಂದು ಪಿನ್ನೂ ಕೆಳಗೆ ಬಿದ್ದದ್ದನ್ನು ನಾನು ನೋಡಿಲ್ಲ.

ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಆಕೆಗೆ ಬಿಳಿ ಮಚ್ಚೆ ಇತ್ತು. ಅದಕ್ಕೇ ಕಡು ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ ತೊಡುತ್ತಿದ್ದಳು. ಅದು ಅಂಟುವಂಥದ್ದಲ್ಲ ಎಂದು ನಾರಾಯಣಖೇಡದ ನಮ್ಮ ಓಣಿಗೆಲ್ಲ ಗೊತ್ತಿತ್ತು. ಆದರೂ ನಮ್ಮ ಅತ್ತೆ ಆಕೆಗೆ ಅಳತೆ ಕೊಡುತ್ತಿರಲಿಲ್ಲ. ಹಳೆಯ ರವಿಕೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ಚಾಚುತ್ತಿದ್ದರು.

“ಇದರ ಮ್ಯಾಲ ಅಳತಿ ತಗೋ. ಮೈ ಮುಟ್ಟಬ್ಯಾಡ.”

“ಆತ್ರಿ,” ಅನ್ನುತ್ತಿದ್ದಳು ಅಕ್ಕ, ಪಿನ್ನಿನ ಸಂದಿಯಿಂದ. ಆ ಹಳೆಯ ರವಿಕೆಯನ್ನು ಆಕೆ ತೆರೆದು ನೋಡುತ್ತಲೂ ಇರಲಿಲ್ಲ. ಅತ್ತೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಕತ್ತರಿ ಹಾಕಿದರೆ ಭುಜ, ತೋಳು, ಕೊರಳು ಎಲ್ಲ ಸರಿಯಾಗಿ ಕೂಡುತ್ತಿದ್ದವು.

ನಾನು ನ್ಯಾಲ್ಕಲ್ ಕಡೆಯಿಂದ ಆ ಓಣಿಗೆ ಸೊಸೆಯಾಗಿ ಬಂದವಳು. ನಮ್ಮ ಮನೆಯಲ್ಲಿ ನನ್ನ ಕೈಗೆ ಫೋನು ಕೊಡುತ್ತಿರಲಿಲ್ಲ. ಅತ್ತೆ ಮಧ್ಯಾಹ್ನ ಮಲಗಿದಾಗ ನಾನು ಎದುರುಮನೆಯ ಟೇಲರ್ ಅಕ್ಕನ ಬಳಿಗೆ ಓಡುತ್ತಿದ್ದೆ. ಕೇಳುವ ಮೊದಲೇ ಆಕೆ ತನ್ನ ಫೋನನ್ನು ಕೈಗಿಟ್ಟು, “ಅವ್ವನ ಜೋಡಿ ಮಾತಾಡು ತಂಗಿ, ನಾ ಬಾಗಿಲಾಗ ಕುಂದರ್ತೀನಿ,” ಅನ್ನುತ್ತಿದ್ದಳು. ಮಾತು ಮುಗಿದ ಮೇಲೆ ಅತ್ತು ಕೆಂಪಾದ ನನ್ನ ಕಣ್ಣು ತಿಳಿಯಾಗುವ ತನಕ ಹುಕ್ಕು ಹಚ್ಚುವ ಕೆಲಸ ಕೊಟ್ಟು ಕೂರಿಸಿಕೊಳ್ಳುತ್ತಿದ್ದಳು. ಹೊಲಿಗೆ ಕಲಿತದ್ದು ಹಾಗೆ.

ರವಿಕೆ ಒಯ್ಯಲು ಬಂದ ಪ್ರತಿಯೊಬ್ಬರನ್ನೂ ಆಕೆ ಕೇಳುತ್ತಿದ್ದ ಮಾತೊಂದಿತ್ತು. “ಕತ್ರನ್ ಒಯ್ತೀರೇನ್ರಿ, ಇಲ್ಲೇ ಬಿಡ್ತೀರಿ?” ಕತ್ತರಿಸಿ ಉಳಿದ ಅಂಗೈಯಷ್ಟಗಲದ ತುಂಡುಗಳಿಗೆ ನಮ್ಮಲ್ಲಿ ಕತ್ರನ್ ಅನ್ನುತ್ತಾರೆ. “ಅದನ್ನ ತಗೊಂಡೇನ್ ಮಾಡ್ಲಿ, ಒಗಿ ಅತ್ಲಾಗ,” ಎಂದು ಎಲ್ಲರೂ ಹೇಳುವವರೇ. ನಮ್ಮ ಅತ್ತೆಯೂ ಹೇಳಿದ್ದರು, ನನ್ನೆದುರಿಗೇ, ಮಗಳ ಮದುವೆಯ ರವಿಕೆ ಒಯ್ಯುವಾಗ. ಒಗೆಯಲು ಮನಸ್ಸಾಗದೆ ಅಕ್ಕ ಅವನ್ನೆಲ್ಲ ಒಂದು ಚೀಲಕ್ಕೆ ತುಂಬುತ್ತಿದ್ದಳು.

ಮಚ್ಚೆಯ ಕಾರಣಕ್ಕೆ ಎಷ್ಟೋ ಸಂಬಂಧಗಳು ಬಾಗಿಲವರೆಗೆ ಬಂದು ತಿರುಗಿ ಹೋಗಿದ್ದವು. ಆಕೆಯ ಮೂವತ್ತೇಳನೆಯ ವಯಸ್ಸಿಗೆ ಒಂದು ಗಟ್ಟಿಯಾಯಿತು. ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಮೊದಲ ಹೆಂಡತಿ ತೀರಿಕೊಂಡಿದ್ದಳು. ಮೆತ್ತನೆಯ ಮನುಷ್ಯ. ಅಕ್ಕ ತೋಳು ಮಡಿಸಿ ಮಚ್ಚೆ ತೋರಿಸಿದಾಗ, “ಇರಲಿ ಬಿಡ್ರಿ,” ಅಂದನಂತೆ. ಆ ಎರಡು ಮಾತನ್ನು ಅಕ್ಕ ನನಗೆ ಹತ್ತು ಸಲವಾದರೂ ಹೇಳಿದ್ದಾಳೆ. ಆದರೆ ಆ ಮನೆಯಲ್ಲಿ ನಡೆಯುತ್ತಿದ್ದದ್ದು ಅವನ ಅಕ್ಕನ ಮಾತು. ಆಕೆ ಫೋನು ಮಾಡಿ, “ನೆಲದ ಮ್ಯಾಲ ಪಂಕ್ತಿ ಬ್ಯಾಡ್ರಿ. ಟೇಬಲ್ ಮ್ಯಾಲ ಊಟ ಆಗಬೇಕು. ಪ್ರತಿ ಟೇಬಲ್ ನಡುವ ಹೂ ಇರಬೇಕು. ನಮ್ಮ ಕಡಿಂದ ದೊಡ್ಡ ಮಂದಿ ಬರ್ತಾರ,” ಅಂದಳು.

ಟೇಲರ್ ಅಕ್ಕನ ತಮ್ಮ ಮದುವೆಯ ಹಾಲ್ ಗೊತ್ತುಮಾಡಿ ಕೈತೊಳೆದುಕೊಂಡಿದ್ದ. ಜಹೀರಾಬಾದಿನ ಡೆಕೊರೇಷನ್‌ನವನು ಹೇಳಿದ ರೇಟು ಕೇಳಿ ಅಕ್ಕ ನಕ್ಕು ಫೋನು ಇಟ್ಟಳು.

“ಅಷ್ಟರಾಗ ಇನ್ನೊಂದು ಲಗ್ನ ಮಾಡ್ಕೋಬೋದು. ನಾನೇ ಮಾಡ್ತೀನಿ ತಗೋ.”

ಇಪ್ಪತ್ತು ಟೇಬಲ್ಲಿಗೆ ಹೂವು. ಗುಜರಿಯವನ ಹತ್ತಿರ ಖಾಲಿ ಸೋಡಾ ಬಾಟಲಿ ತಂದು ತೊಳೆದು ಅವಕ್ಕೆ ಸೆಣಬಿನ ದಾರ ಸುತ್ತಿದೆವು. ದಂಟಿಗೆ ಒಣ ತೊಗರಿ ಕಡ್ಡಿ. ಹೂವಿಗೆ ಚೀಲದ ಕತ್ರನ್. ಆಕೆ ತುಂಡನ್ನು ದುಂಡಗೆ ಕತ್ತರಿಸಿ ಮೇಣದಬತ್ತಿಯ ಉರಿಗೆ ಹಿಡಿದರೆ ಅಂಚು ಸುರುಟಿಕೊಂಡು ಥೇಟು ಎಸಳಾಗುತ್ತಿತ್ತು. ಕೆಲವು ತುಂಡು ಸುರುಟುತ್ತಿರಲಿಲ್ಲ, ಕೂದಲು ಸುಟ್ಟಂತೆ ವಾಸನೆ ಬರುತ್ತಿತ್ತು.

“ಇದು ಅಸಲಿ ರೇಷ್ಮಿ. ಸುರುಟಿದ್ದು ನೈಲಾನ್ ಬೆರಕಿ,” ಅಂದಳು. ಆಮೇಲೆ ಗಿಳಿಹಸಿರು ತುಂಡೊಂದನ್ನು ಉರಿಗೆ ಹಿಡಿದು ಕಿಸಕ್ಕನೆ ನಕ್ಕಳು. “ನಿಮ್ಮತ್ತೀದು ನೋಡು, ಎಷ್ಟು ಚಂದ ಸುರುಟ್ತು!”

ಮಗಳಿಗೆ ಅಸಲಿ ರೇಷ್ಮೆ ಉಡಿಸಿದೆ ಎಂದು ಅತ್ತೆ ಊರೆಲ್ಲ ಹೇಳಿಕೊಂಡಿದ್ದರು. ನಾನೂ ನಕ್ಕೆ.

“ಯಾರಿಗೂ ಹೇಳಬ್ಯಾಡ ತಂಗಿ. ಪಾಪ, ಅಸಲಿ ಅಂತ ತಿಳಕೊಂಡು ಖುಷಿಲಿಂದ ಉಡ್ತಾರ.”

ಹತ್ತು ಮಧ್ಯಾಹ್ನ ಕೂತು ಮಾಡಿದೆವು. ಎಲ್ಲ ಮುಗಿದು ಸಾಲಾಗಿ ಇಟ್ಟಾಗ ಮನೆ ಬೆಳಗಿದಂತಾಯಿತು. “ಓಣಿ ಹೆಣ್ಮಕ್ಕಳ ಜಂಪರ್ ಎಲ್ಲಾ ನನ್ನ ಲಗ್ನಕ್ಕ ಬಂದಂಗ ಆತು,” ಅಂದಳು. “ತಮ್ಮ ತಮ್ಮ ಬಣ್ಣ ಗುರ್ತು ಹಿಡದು ಎಷ್ಟು ಖುಷಿ ಆಗ್ತಾರ ನೋಡು.”

ಗುರುತು ಹಿಡಿದರು. ಅಕ್ಕಿಕಾಳಿನ ಮುಹೂರ್ತ ಹನ್ನೆರಡೂವರೆಗೆ ಇತ್ತು. ದೂರದಿಂದ ಬಂದವರನ್ನು, ಹೆಂಗಸರನ್ನು ಮೊದಲೇ ಊಟಕ್ಕೆ ಕೂರಿಸಿದ್ದರು. ನಾನು ಅತ್ತೆಯ ಪಕ್ಕ ಕೂತಿದ್ದೆ. ಅವರು ಟೇಬಲ್ ನಡುವಿನ ಹೂವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ ಗಿಳಿಹಸಿರು ಹೂವೊಂದನ್ನು ಕಿತ್ತರು.

“ಇದು ನನ್ನ ಮಗಳ ಲಗ್ನದ ಜಂಪರಿಂದು! ಅಸಲಿ ರೇಷ್ಮಿ!”

ಪಕ್ಕದ ಟೇಬಲ್ಲಿನಿಂದ ಒಬ್ಬಳು, “ಅಯ್ಯ, ಈ ನೇರಳಿ ನಂದು,” ಅಂದಳು. ಇನ್ನೊಬ್ಬಳು ಎದ್ದಳು. ಎಂಜಲು ಕೈಯಲ್ಲೇ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಕೀಳತೊಡಗಿದರು. ಗದ್ದಲ ಕೇಳಿ ವರನ ಅಕ್ಕ ಬಂದಳು. ಅತ್ತೆ ಹೂವನ್ನು ಆಕೆಯ ಮುಖಕ್ಕೆ ಹಿಡಿದರು.

“ನಿಮ್ಮ ತಮ್ಮನ ಹೆಂಡತಿ ಆಗಾಕಿ ಊರ ಮಂದಿ ಬಟ್ಟಿ ಚೋರಿ ಮಾಡಿ ಲಗ್ನ ಮಾಡ್ಕೊಳ್ಳಕತ್ತಾಳ, ನೋಡ್ರಿ!”

ಮದುಮಗಳನ್ನು ಕರೆಸಿದರು. ಹಣೆಗೆ ಬಾಸಿಂಗ ಕಟ್ಟಿಕೊಂಡಿದ್ದಳು, ಕೈತುಂಬ ಹಸಿರು ಬಳೆ.

“ಕೇಳೇ ಇಟ್ಕೊಂಡೀನ್ರಿ,” ಅಂದಳು. “ಒಬ್ಬೊಬ್ಬರನ್ನೂ ಕೇಳೀನಿ. ಒಗಿ ಅಂದೀರಿ.”

“ಯಾವಾಗ ಅಂದೆ ನಾ?” ಅಂದರು ಅತ್ತೆ.

ಅಕ್ಕ ನನ್ನ ಕಡೆ ತಿರುಗಿದಳು. ಆಕೆಯ ಮುಖದಲ್ಲಿ ಆಗ ಹೆದರಿಕೆಯೇ ಇರಲಿಲ್ಲ.

“ಈಕಿ ಇದ್ಳಲ್ರಿ ಅಲ್ಲೇ. ಹೇಳು ತಂಗಿ.”

ಅತ್ತೆಯೂ ನನ್ನನ್ನು ನೋಡಿದರು. ಸಂಜೆ ಅವರ ಜೊತೆಗೇ ಆ ಮನೆಗೆ ಮರಳಬೇಕಿತ್ತು ನಾನು. ಬಾಯಲ್ಲಿದ್ದ ತುತ್ತು ನುಂಗಿದೆ.

“ನಂಗೇನ್ ಗೊತ್ತಿಲ್ಲಕ್ಕ,” ಅಂದೆ.

ಆಕೆ ಮತ್ತೆ ಕೇಳಲಿಲ್ಲ. ಅತ್ತೆ ಅಳತೆ ಕೊಡಲು ನಿರಾಕರಿಸಿದಾಗಲೆಲ್ಲ ಹೇಗಿರುತ್ತಿದ್ದಳೋ ಹಾಗೆ ಮುಖವನ್ನು ಸಮ ಮಾಡಿಕೊಂಡಳು.

“ಯಾರ್ಯಾರದು ಅದ, ಅವರವರಿಗೆ ಕೊಟ್ಟು ಬಾ,” ಅಂದಳು ವರನ ಅಕ್ಕ. “ಆಮ್ಯಾಲ ತಾಳಿ. ಚೋರಿ ಮಾಲಿನ ನಡುವ ನನ್ನ ತಮ್ಮ ತಾಳಿ ಕಟ್ಟಲ್ಲ.”

ಯಾರೋ ಸ್ಟೀಲಿನ ತಾಟು ಕೊಟ್ಟರು. ಅಕ್ಕ ಬಾಸಿಂಗ ಕಟ್ಟಿಕೊಂಡೇ ಟೇಬಲ್ಲಿನಿಂದ ಟೇಬಲ್ಲಿಗೆ ನಡೆದಳು. ಉಳಿದ ಹೂಗಳನ್ನು ಕಿತ್ತು ತಾಟಿಗೆ ಹಾಕಿಕೊಂಡು ಒಬ್ಬೊಬ್ಬರ ಮುಂದೆ ನಿಂತು, “ಇದು ನಿಮ್ಮದ್ರಿ, ಇದು ನಿಮ್ಮ ಸೊಸಿದು,” ಎಂದು ಕೊಟ್ಟಳು. ಒಂದೂ ತಪ್ಪಲಿಲ್ಲ. ಬೇಡ ಅಂದವರು ಒಬ್ಬರೂ ಇಲ್ಲ. ಅತ್ತೆ ತಮ್ಮದನ್ನು ಪರ್ಸಿನಲ್ಲಿಟ್ಟು ಜಿಪ್ ಎಳೆದರು. ನನ್ನ ರವಿಕೆಯದೂ ಒಂದು ಗುಲಾಬಿ ಬಣ್ಣದ ಹೂವಿತ್ತು. ಅದನ್ನು ನನ್ನ ತಾಟಿನ ಪಕ್ಕ ಇಟ್ಟು ಮುಂದೆ ಹೋದಳು. ವರ ತಲೆ ತಗ್ಗಿಸಿ ನಿಂತಿದ್ದ. ಹೊತ್ತಿಗೆ ಸರಿಯಾಗಿ ಅಯ್ಯನವರು ಕರೆದರು, ಆಕೆಯ ಕೊರಳಿಗೆ ತಾಳಿ ಬಿತ್ತು, ನಾವು ಅಕ್ಕಿಕಾಳು ಹಾಕಿದೆವು.

ತಾಂಡೂರಿನಲ್ಲಿ ಆಕೆಯ ಸಂಸಾರ ಹೇಗಿತ್ತೆಂದು ಆಕೆಯ ತಮ್ಮನ ಹೆಂಡತಿಯಿಂದ ಕೇಳುತ್ತಿದ್ದೆ. ಹೊಲಿಗೆ ಮಷೀನು ತರಗೊಡಲಿಲ್ಲ. ಮನೆಗೆ ಯಾರಾದರೂ ಬಂದರೆ ಗಂಡನ ಅಕ್ಕ, ಈಕೆಗೆ ಕೇಳುವಂತೆಯೇ, “ನಿಮ್ಮ ಪರ್ಸ್ ಒಳಗ ಇಡ್ರಿ, ನಮ್ಮನ್ಯಾಗ ಜರಾ ಹುಷಾರಿರಬೇಕು,” ಅನ್ನುತ್ತಿದ್ದಳಂತೆ. ಗಂಡ ಅದಕ್ಕೂ “ಇರಲಿ ಬಿಡು” ಅನ್ನುತ್ತಿದ್ದನಂತೆ.

ಒಮ್ಮೆ ಮಾತ್ರ ಸಿಕ್ಕಿದ್ದಳು, ಜಹೀರಾಬಾದ್ ಬಸ್‌ಸ್ಟ್ಯಾಂಡಿನಲ್ಲಿ. ಬಹಳ ಸೊರಗಿದ್ದಳು. ಮಚ್ಚೆ ಕುತ್ತಿಗೆಗೂ ಹಬ್ಬಿತ್ತು. ನನ್ನ ಭುಜದ ಹೊಲಿಗೆ ನೋಡಿ, “ಯಾರು ಹೊಲದ್ರು? ಎಡಗಡಿ ಏರ್ಯಾದ,” ಅಂದಳು. ನಾನೇ ಹೊಲಿದದ್ದು ಅಂದೆ. ತಿದ್ದುವುದು ಹೇಗೆಂದು ಬೆರಳಿಟ್ಟು ತೋರಿಸಿದಳು. ನಾನು ಧೈರ್ಯ ಮಾಡಿ, “ಅಕ್ಕ, ಅವತ್ತು…” ಅಂದೆ.

“ಬ್ಯಾಡ,” ಅಂದಳು. “ನೀ ಈಗ ಹೇಳಿದ್ರ ನಿಂಗ ಹಗುರ ಆಗ್ತದ. ನಂಗೇನ್ ಆಗ್ತದ?”

ತಾಂಡೂರಿನ ಬಸ್ಸು ಬಂತು. ಹತ್ತಿ ಕೂತವಳು ನನ್ನ ಕಡೆಯ ಕಿಟಕಿಗೆ ಬರಲಿಲ್ಲ.

ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು. ಸುದ್ದಿ ಬಂದಾಗ ಅತ್ತೆ ಊಟಕ್ಕೆ ಕೂತಿದ್ದರು. “ಛೇ, ಕೈ ಭಾಳ ಚೊಲೋ ಇತ್ತು ಆಕೀದು,” ಅಂದರು.

ನನಗೆ ತಡೆಯಲಾಗಲಿಲ್ಲ. “ಕತ್ರನ್ ಒಗಿ ಅಂತ ನೀವೇ ಹೇಳಿದ್ರಿ ಅತ್ತಿ. ನಾ ಅಲ್ಲೇ ಇದ್ದೆ.”

“ನೆನಪದ,” ಅಂದರು ಅತ್ತೆ. “ಅವತ್ತೂ ನೆನಪಿತ್ತು.”

“ಮತ್ತ ಯಾಕ್ರಿ?”

ಅವರು ತುತ್ತು ಅಗಿದು ನುಂಗಿದರು. “ನನ್ನ ಮಗಳ ಲಗ್ನದಾಗ ಟೇಬಲ್ ಮ್ಯಾಲ ಬರೇ ನೀರಿನ ಜಗ್ಗ ಇದ್ವು. ಆ ಮಚ್ಚಿಯಾಕೀದು ಅಷ್ಟು ಚಂದ ಆಗಬೇಕಿತ್ತೇನು?”

ತಾಟು ಖಾಲಿಯಾಗಿತ್ತು. ನಾನು ಇನ್ನೊಂದು ರೊಟ್ಟಿ ಹಾಕಿದೆ.